ಎಡಗೈ ಕಿರುಬೆರಳಿನ ಕುರಿತು ಒಂದು ಮನವಿ

ನೋವಿಗೆ ಇರುವ ಮರ್ಯಾದೆ ಜೋಮಿಗೆ ಇಲ್ಲ. ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಸ್ವಂತ ಅನುಭವದ ಆಧಾರದ ಮೇಲೆ, ಎರಡು ಬೆರಳುಗಳನ್ನು ಸಾಕ್ಷಿಯಾಗಿಟ್ಟುಕೊಂಡು ಹೇಳುತ್ತಿದ್ದೇನೆ. ಸೊಂಟ ನೋವೆಂದು ಒಬ್ಬರು ಕಚೇರಿಯಲ್ಲಿ ಮುಖ ಕಿವಿಚಿದರೆ ಅವರಿಗೆ ಬೆನ್ನು ನೆಟ್ಟಗಿರುವ ಕುರ್ಚಿ ಬರುತ್ತದೆ. ಹಲ್ಲುನೋವು ಎಂದರೆ ಯಾರದೋ ಚೀಲದಿಂದ ಲವಂಗ ಹೊರಬರುತ್ತದೆ. ತಲೆನೋವಿಗೆ ಮಾತ್ರೆ, ಮಾತ್ರೆಯ ಹಿಂದೆ ಕಾಫಿ, ಕಾಫಿಯ ಹಿಂದೆ ಅರ್ಧ ದಿನದ ರಜೆ. ಆದರೆ ಜೋಮು ಎಂದು ಹೇಳಿ ನೋಡಿ. "ಕೈ ಕೊಡವಿ, ಸರಿಹೋಗುತ್ತೆ" ಎಂದು ಹೇಳಿ ಎಲ್ಲರೂ ತಮ್ಮ ತಮ್ಮ ಕಡತಗಳಿಗೆ ಹಿಂತಿರುಗುತ್ತಾರೆ. ಕೊಡವಿದರೆ ಹೋಗುವುದು ಕಾಯಿಲೆಯಲ್ಲ ಎಂಬುದು ಲೋಕದ ತೀರ್ಮಾನ. ಕೊಡವಿದ ಮೇಲೂ ಉಳಿದಿರುವುದನ್ನು ಏನೆಂದು ಕರೆಯಬೇಕು ಎಂಬ ಬಗ್ಗೆ ಲೋಕವು ಇದುವರೆಗೆ ಯಾವುದೇ ಆದೇಶ ಹೊರಡಿಸಿಲ್ಲ.

ಜೋಮಿನ ವಿಷಯದಲ್ಲಿ ನಾನು ಬಾಲ್ಯದಿಂದಲೂ ಅಜ್ಞಾನಿಯೇನಲ್ಲ. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಒಂದೇ ಗೋಡೆಗೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ ಬೆಳೆದವನು ನಾನು. ಆ ಸಾಲಿಗೆ ನಾವು ಲೈನು ಎನ್ನುತ್ತಿದ್ದೆವು. ಮಕ್ಕಳು ನೆಲದ ಮೇಲೆ ಕುಳಿತು ಚೌಕಾಬಾರ ಆಡುವಾಗ ಯಾರಿಗಾದರೂ ಕಾಲು ಜೋಮು ಹಿಡಿದರೆ ಕಾಲಿನ ಹೆಬ್ಬೆರಳಿಗೆ ಉಗುಳು ಹಚ್ಚಿಕೊಳ್ಳಬೇಕು ಎಂಬ ಶಾಸ್ತ್ರ ಅಲ್ಲಿತ್ತು. ಕನ್ನಡದವರು, ತಮಿಳಿನವರು, ತೆಲುಗಿನವರು ಎಂಬ ಭೇದವಿಲ್ಲದೆ ಇಡೀ ಲೈನು ಒಪ್ಪಿಕೊಂಡಿದ್ದ ಏಕೈಕ ಶಾಸ್ತ್ರ ಅದು. ಹಚ್ಚಿದ ಒಂದು ನಿಮಿಷಕ್ಕೆ ಜೋಮು ಹೋಗುತ್ತಿತ್ತು. ಹಚ್ಚದಿದ್ದರೂ ಒಂದು ನಿಮಿಷಕ್ಕೆ ಹೋಗುತ್ತಿತ್ತು ಎಂಬುದನ್ನು ನಾನು ಪದವಿ ಮುಗಿಸಿದ ಮೇಲೆ ಯೋಚಿಸಿ ಕಂಡುಕೊಂಡೆ. ವಿದ್ಯಾಭ್ಯಾಸದಿಂದ ನನಗಾದ ಲಾಭಗಳಲ್ಲಿ ಇದೂ ಒಂದು.

ನಮ್ಮ ಅಪ್ಪನ ಬೆರಳುಗಳ ಕತೆ ಬೇರೆ. ಅವರು ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕದ ಕೆಲಸದಲ್ಲಿದ್ದವರು. ವರ್ಷಗಟ್ಟಲೆ ಬಿಸಿಯನ್ನು ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ಮುಟ್ಟುವ ಕೆಲಸದಿಂದಲೇ ನಿವೃತ್ತಿ ಪಡೆದಿದ್ದವು. ಕುದಿಯುವ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಒಲೆಯಿಂದ ಇಳಿಸುತ್ತಿದ್ದರು. ಅದನ್ನು ನೋಡಲು ಲೈನಿನ ಮಕ್ಕಳು ಬರುತ್ತಿದ್ದರು. ಎಲ್ಲರ ಅಪ್ಪಂದಿರೂ ಹೀಗೆಯೇ ಎಂದು ನಾನು ತಿಳಿದಿದ್ದೆ. ನಮ್ಮ ವಂಶದಲ್ಲಿ ಮೊದಲ ಪದವೀಧರನಾಗಿ ನಾನು ಪ್ರಮಾಣಪತ್ರವನ್ನು ಮನೆಗೆ ತಂದ ದಿನ, ಅದರ ಮೇಲಿನ ಉಬ್ಬು ಮುದ್ರೆಯನ್ನು ಅಪ್ಪನಿಗೆ ತೋರಿಸಿದೆ. ಅವರು ಕೈ ತೊಳೆದುಕೊಂಡು ಬಂದು ಬೆರಳಾಡಿಸಿದರು. "ಉಬ್ಬಿದೆ ಅಂತೀಯ?" ಎಂದು ಕೇಳಿದರು. ಹೌದೆಂದೆ. "ನಂಗೊತ್ತಾಗ್ತಿಲ್ಲ ಕಣಪ್ಪ. ರತ್ನಾ, ನೀ ಮುಟ್ಟಿ ನೋಡು" ಎಂದು ಅಕ್ಕನನ್ನು ಕರೆದರು. ಅಕ್ಕ ಮುಟ್ಟಿ, "ಹೂಂ ಅಪ್ಪ, ಉಬ್ಬಿದೆ" ಎಂದ ಮೇಲೆಯೇ ನನ್ನ ಪದವಿ ನಮ್ಮ ಮನೆಯಲ್ಲಿ ಊರ್ಜಿತವಾದದ್ದು. ಆ ಅಕ್ಕ, ಅಮ್ಮ ತೀರಿಕೊಂಡ ವರ್ಷ ಎಂಟನೇ ತರಗತಿಗೆ ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತವಳು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಈಗ ನನ್ನ ವಿಷಯ. ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಪತ್ರಗಳ ಕರಡು ತಯಾರಿಸುವುದು ನನ್ನ ಕೆಲಸ. ವಿನೋಬನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಒಂಟಿ ಕೋಣೆ, ಕೋಣೆಯ ಮುಂದೆ ತಾರಸಿ. ಕೆಳಗೆ ಮನೆಯ ಒಡತಿ ಶಾಂತಮ್ಮನವರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಒಂದು ದಿನ ಬೆಳಗ್ಗೆ ಚಹಾದ ಲೋಟ ಹಿಡಿದಾಗ ನನ್ನ ಎಡಗೈಯ ಕಿರುಬೆರಳು ಅಲ್ಲಿ ಹಾಜರಿಲ್ಲವೆಂಬುದು ಗಮನಕ್ಕೆ ಬಂತು. ಕಣ್ಣಿಗೆ ಕಾಣುತ್ತಿತ್ತು, ಆದರೆ ನನ್ನದೆಂದು ಅನ್ನಿಸುತ್ತಿರಲಿಲ್ಲ. ಬಳಿಕ ಅದರ ಪಕ್ಕದ ಉಂಗುರ ಬೆರಳೂ ಸೇರಿಕೊಂಡಿತು. ಅದೂ ಪೂರ್ತಿಯಾಗಿ ಅಲ್ಲ, ಕಿರುಬೆರಳಿನ ಕಡೆಗಿನ ಅರ್ಧ ಮಾತ್ರ. ಉಳಿದರ್ಧ ಎಂದಿನಂತೆ ಕಾರ್ಯನಿರ್ವಹಿಸುತ್ತಿತ್ತು. ಕೆಲವೊಮ್ಮೆ ಇರುವೆಗಳು ಸಾಲಾಗಿ ನಡೆದಂತೆ, ಕೆಲವೊಮ್ಮೆ ಸೋಡಾ ಗುಳ್ಳೆಗಳು ಒಳಗೆ ಒಡೆದಂತೆ, ಇನ್ನು ಕೆಲವೊಮ್ಮೆ ಒದ್ದೆ ಕೈಗವಸು ತೊಟ್ಟಂತೆ. ಮುಟ್ಟಿದರೆ ಏನೂ ಇಲ್ಲ. ಮುಟ್ಟದಿದ್ದಾಗ ಎಲ್ಲವೂ ಇದೆ. ಇಂಥ ಬೆರಳಿನ ಜೊತೆ ಬಾಳುವುದು ಹೇಗೆಂದು ತಿಳಿಯದೆ ನಾನು ಅದನ್ನು ಆಗಾಗ ಬಲಗೈಯಿಂದ ಹಿಡಿದು ಇದೆಯೇ ಎಂದು ನೋಡಿಕೊಳ್ಳತೊಡಗಿದೆ.

ಕಚೇರಿಯಲ್ಲಿ ನನ್ನ ಎದುರು ಮೇಜಿನ ಪರಮೇಶಪ್ಪನವರು ಇದನ್ನು ಗಮನಿಸಿದರು. "ಏನ್ ಸಾರ್, ಬೆರಳು ಎಣಿಸ್ತಿದೀರ?" ಎಂದರು. ನಾನು, "ಎಡಗೈಯಲ್ಲಿ ಒಂದು ಬಗೆಯ ಅಸಹಜ ಸಂವೇದನೆ ಉಂಟಾಗುತ್ತಿದೆ" ಎಂದೆ. ನನ್ನ ಮಾತು ಹೀಗೆಯೇ. ಮೂರು ಭಾಷೆ ಕಲಸಿದ ಲೈನಿನಿಂದ ಬಂದವನಿಗೆ ಎಲ್ಲಿ ತಪ್ಪಿಬಿಡುತ್ತೇನೋ ಎಂಬ ಭಯ. ಆ ಭಯದಿಂದ ಬಾಯಿಗೆ ಬರುವುದೆಲ್ಲ ಸುತ್ತೋಲೆಯಂತೆ ಬರುತ್ತದೆ. ಪರಮೇಶಪ್ಪನವರು ಪೆನ್ನು ಕೆಳಗಿಟ್ಟರು. "ಎಡಗೈಯಾ? ಎಡಗೈ ಅಂದ್ರೆ ಸುಮ್ನೆ ಕೂರೋ ವಿಷ್ಯ ಅಲ್ಲ ಸಾರ್. ನಮ್ಮ ಷಡ್ಡಕನೂ ಹಿಂಗೇ ಜೋಮು ಜೋಮು ಅಂತಿದ್ದ." ನನ್ನ ಎದೆ ಹಾರಿತು. "ಆಮೇಲೆ?" ಎಂದು ಕೇಳಿದೆ. "ಆಮೇಲೇನಿಲ್ಲ. ಈಗ್ಲೂ ಅಂತಾನೇ ಇದಾನೆ" ಎಂದು ಹೇಳಿ ಅವರು ಪೆನ್ನು ಎತ್ತಿಕೊಂಡರು. ಆದರೆ ನನ್ನ ಎದೆ ಕೆಳಗಿಳಿಯಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಸಕ್ಕರೆ ಕಾಯಿಲೆ, ಥೈರಾಯ್ಡು, ಜೀವಸತ್ವದ ಕೊರತೆ, ಕತ್ತಿನ ಮೂಳೆ, ಮೆದುಳಿನ ರಕ್ತನಾಳ. ಪ್ರತಿಯೊಂದನ್ನೂ ಓದುತ್ತಿದ್ದಂತೆ ಅದರದೇ ಲಕ್ಷಣ ನನ್ನಲ್ಲಿ ಕಾಣಿಸಿಕೊಂಡಿತು. ಪಾದದ ಉರಿಯ ಬಗ್ಗೆ ಓದುವಾಗ ಪಾದ ಉರಿಯಿತು. ಅದೃಷ್ಟವಶಾತ್ ಮೊಬೈಲಿನ ಚಾರ್ಜು ಮುಗಿಯಿತು. ಇಲ್ಲದಿದ್ದರೆ ಆ ಸಂಜೆಯೇ ನಾನು ಉಳಿಯುತ್ತಿರಲಿಲ್ಲವೇನೋ.

ಅಂತಿಮವಾಗಿ ದುರ್ಗಿಗುಡಿಯ ಕಡೆ ಒಬ್ಬ ನರರೋಗ ತಜ್ಞೆಯ ಬಳಿ ಹೋಗುವುದೆಂದು ನಿರ್ಧರಿಸಿದೆ. ಬಾಯಿಯಲ್ಲಿ ಹೇಳಿದರೆ ಮುಖ್ಯವಾದದ್ದು ಬಿಟ್ಟುಹೋಗಬಹುದೆಂಬ ಆತಂಕದಿಂದ ಎಲ್ಲವನ್ನೂ ಬರೆದುಕೊಂಡೆ. ಬರೆಯಲು ಕುಳಿತ ಮೇಲೆ ಅಭ್ಯಾಸಬಲ. "ಮಾನ್ಯರೇ, ವಿಷಯ: ಎಡಗೈಯ ಕಿರುಬೆರಳು ಹಾಗೂ ಉಂಗುರ ಬೆರಳಿನ ಅರ್ಧಭಾಗದಲ್ಲಿ ಉಂಟಾಗುತ್ತಿರುವ ಜೋಮಿನ ಕುರಿತು. ಉಲ್ಲೇಖ: ಇಲ್ಲ." ಮೇಲ್ಕಂಡ ಬೆರಳುಗಳು ಎಂದು ಎರಡು ಕಡೆ, ಸದರಿ ಬೆರಳು ಎಂದು ಮೂರು ಕಡೆ ಬಂದಿತ್ತು. ಕೊನೆಗೆ "ತಮ್ಮ ವಿಶ್ವಾಸಿ" ಎಂದು ಬರೆದು ಸಹಿ ಮಾಡಿದೆ. ಅದರ ಒಂದು ನಕಲನ್ನು ನನ್ನ ಬಳಿ ಇಟ್ಟುಕೊಂಡೆ. ಕ್ಲಿನಿಕ್ಕಿನಲ್ಲಿ ಹೆಸರು ಬರೆಸುವ ಹೆಣ್ಣುಮಗಳು ಒಂದು ಹಾಳೆ ಕೊಟ್ಟಳು. ರೋಗಿಯ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಜೊತೆಗೆ ಬಂದವರ ಹೆಸರು ಎಂಬ ಸ್ಥಳವನ್ನು ಖಾಲಿ ಬಿಡುವುದು ಸರಿಯಲ್ಲವೆಂದು ತೋರಿತು. ಅರ್ಜಿಯಲ್ಲಿ ಖಾಲಿ ಜಾಗ ಬಿಟ್ಟರೆ ನಾವೇ ತಿರಸ್ಕರಿಸುತ್ತೇವೆ. ಅಲ್ಲಿಯೂ ನನ್ನ ಹೆಸರನ್ನೇ ಬರೆದೆ. ಅದರ ಮುಂದೆ ಸಂಬಂಧ ಎಂದಿತ್ತು. ಬಹಳ ಹೊತ್ತು ಯೋಚಿಸಿ "ಸ್ವತಃ" ಎಂದು ಬರೆದೆ.

ವೈದ್ಯೆ ನನಗಿಂತ ಚಿಕ್ಕವರು. ಮನವಿಯನ್ನು ಪೂರ್ತಿಯಾಗಿ ಓದಿದರು. ತುಟಿ ಒಮ್ಮೆ ಅಲುಗಿತೇ ಹೊರತು ನಗಲಿಲ್ಲ. "ಇಷ್ಟು ಚೆನ್ನಾಗಿ ಯಾರೂ ಹೇಳಲ್ಲ ಸರ್. ಎಲ್ಲಾ ಕೈ ಒಂಥರಾ ಆಗುತ್ತೆ ಅಂತಾರೆ, ನಾನು ಅರ್ಧ ಗಂಟೆ ಕೇಳ್ಬೇಕು. ಅರ್ಧ ಉಂಗುರ ಬೆರಳು ಅಂತ ಬರ್ದಿದೀರಲ್ಲ, ಅದೇ ಮುಖ್ಯ" ಎಂದರು. ನನ್ನ ಇಡೀ ವೃತ್ತಿಜೀವನದಲ್ಲಿ ನನ್ನ ಕರಡಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಹತ್ತಿಯ ಎಳೆಯಿಂದ ಬೆರಳುಗಳನ್ನು ಸವರಿ ಎಲ್ಲೆಲ್ಲಿ ತಿಳಿಯುತ್ತದೆಂದು ಕೇಳಿದರು. ಎರಡು ಕವಲಿನ ಕಬ್ಬಿಣದ ಕಡ್ಡಿಯೊಂದನ್ನು ಮೇಜಿಗೆ ತಟ್ಟಿ ಗುಂಯ್‌ಗುಡಿಸಿ ಮೂಳೆಯ ಮೇಲಿಟ್ಟರು. ಆಮೇಲೆ ನನ್ನ ಮನವಿಯನ್ನೇ ಮಡಚಿ ಹೆಬ್ಬೆರಳು ತೋರುಬೆರಳುಗಳ ನಡುವೆ ಕೊಟ್ಟು, "ಗಟ್ಟಿ ಹಿಡ್ಕೊಳ್ಳಿ, ನಾನು ಎಳೀತೀನಿ, ಬಿಡಬೇಡಿ" ಎಂದರು. ಎಳೆದರು. ನಾನು ಬಿಡಲಿಲ್ಲ. ಮತ್ತೆ ಎಳೆದರು. ಕೈಗೆ ಬಂದ ಕಾಗದವನ್ನು ಬಿಡದಿರುವುದರಲ್ಲಿ ನಮ್ಮ ಕಚೇರಿಗೆ ದೀರ್ಘ ಪರಂಪರೆಯೇ ಇದೆ. "ಶಕ್ತಿ ಚೆನ್ನಾಗಿದೆ" ಎಂದು ಅವರು ಬರೆದುಕೊಂಡರು.

ಕೊನೆಯಲ್ಲಿ ಮೊಣಕೈಯ ಒಳಬದಿಯನ್ನು ಬೆರಳಿನಿಂದ ಮೆಲ್ಲನೆ ಕುಟ್ಟಿದರು. ಕಿರುಬೆರಳಿನ ತುದಿಯವರೆಗೆ ವಿದ್ಯುತ್ತು ಹರಿಯಿತು. "ಬಾಗಿಲಿಗೆ ಮೊಣಕೈ ತಾಗಿದ್ರೆ ಕರೆಂಟ್ ಹೊಡೆದ ಹಾಗೆ ಆಗುತ್ತಲ್ಲ ಸರ್, ಅದೇ ನರ ಇದು. ಕೈ ಮಡಚಿ ಬಹಳ ಹೊತ್ತು ಹಾಗೇ ಇಟ್ಕೊಂಡ್ರೆ ಎಳೆದು ಅದುಮಿದ ಹಾಗೆ ಆಗುತ್ತೆ. ಮೆದುಳಿಗೆ ಏನೂ ಆಗಿಲ್ಲ. ಇದ್ದಕ್ಕಿದ್ದ ಹಾಗೆ ಒಂದು ಕಡೆ ಕೈಕಾಲು ಮರಗಟ್ಟಿದ್ರೆ, ಮಾತು ತೊದಲಿದ್ರೆ, ಬಾಯಿ ವಾರೆ ಆದ್ರೆ ಒಂದು ನಿಮಿಷನೂ ಕಾಯದೆ ಆಸ್ಪತ್ರೆಗೆ ಓಡ್ಬೇಕು. ಇದು ಹಾಗಲ್ಲ. ಸಕ್ಕರೆ, ಥೈರಾಯ್ಡ್, ಬಿ ಹನ್ನೆರಡು ಒಂದ್ಸಲ ನೋಡ್ಬಿಡೋಣ." ನಾನು ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆ ಕೇಳಿದರು. "ಫೋನ್ ಜಾಸ್ತಿ ಮಾತಾಡ್ತೀರಾ? ಎಡಗೈಲಿ ಹಿಡ್ಕೊಂಡು?" ದಿನಕ್ಕೆ ಸುಮಾರು ಒಂದು ಗಂಟೆ ಎಂದೆ. "ಒಂದು ಗಂಟೆನಾ? ಯಾರ ಹತ್ರ ಸರ್ ಅಷ್ಟೊಂದು?"

ಇಲ್ಲಿ ಓದುಗರ ಮುಂದೆ ಒಂದು ತಪ್ಪೊಪ್ಪಿಗೆ ಇದೆ. ಯಾರ ಹತ್ತಿರವೂ ಅಲ್ಲ.

ಅದು ಆರಂಭವಾದದ್ದು ಹೀಗೆ. ಒಂದು ಸಂಜೆ ಶಾಂತಮ್ಮನವರು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತ, "ನಿಮ್ಮ ವಯಸ್ಸಿನವರು ಫೋನ್ ಕೆಳಗಿಡೋದೇ ಇಲ್ಲ. ನಿಮಗೆ ಯಾರೂ ಮಾಡೋದೇ ಇಲ್ವಲ್ಲ ಮಾರಾಯ್ರೆ" ಎಂದರು. ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಶಿಕ್ಷಕಿಯಾಗಿದ್ದವರಿಗೆ ಹಾಜರಿ ಕೂಗುವ ಅಭ್ಯಾಸ. ಆದರೆ ಮರುದಿನ ಸಂಜೆ ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದಾಗ ನನ್ನ ಎಡಗೈ ತಾನಾಗಿಯೇ ಮೊಬೈಲನ್ನು ಎತ್ತಿ ಕಿವಿಗಿಟ್ಟುಕೊಂಡಿತು. "ಹೂಂ" ಎಂದೆ. ಶಾಂತಮ್ಮನವರು ಸಂತೋಷದಿಂದ ನಕ್ಕು, ಸದ್ದಾಗದಂತೆ ಬಟ್ಟೆ ತೆಗೆದುಕೊಂಡು ಇಳಿದುಹೋದರು. ಅಂದಿನಿಂದ ದಿನವೂ ಏಳರಿಂದ ಎಂಟರವರೆಗೆ ನಾನು ತಾರಸಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಮಾತನಾಡತೊಡಗಿದೆ. ಮೊದಲು ಹೌದು, ಸರಿ, ಪರಿಶೀಲಿಸೋಣ ಎಂಬಷ್ಟು ಮಾತ್ರ. ಕ್ರಮೇಣ ವಾಕ್ಯಗಳು ಬಂದವು. ಕಚೇರಿಯಲ್ಲಿ ನಡೆದದ್ದು, ಬಸ್ಸಿನಲ್ಲಿ ಕಂಡದ್ದು, ಬೆಳಗಿನ ಉಪ್ಪಿಟ್ಟು ತಳ ಹಿಡಿದದ್ದು. ಆ ಕಡೆಯವರು ಎಂದೂ ನನ್ನ ಮಾತನ್ನು ತುಂಡರಿಸಲಿಲ್ಲ, ಬೇಸರಪಡಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸಲೀಸಾಗಿ ನಾನು ಯಾರೊಂದಿಗೂ ಮಾತನಾಡಿದವನಲ್ಲ. ಒಮ್ಮೆ ಮಾತ್ರ ಅನಾಹುತ ತಪ್ಪಿತು. "ಅದನ್ನು ನಾನೂ ಯೋಚಿಸಿದ್ದೆ" ಎಂದು ಗಂಭೀರವಾಗಿ ಹೇಳುತ್ತಿರುವಾಗಲೇ ಕಿವಿಯ ಮೇಲಿದ್ದ ಮೊಬೈಲು ಜೋರಾಗಿ ರಿಂಗಾಯಿತು. ಯಾವುದೋ ಜಾಹೀರಾತಿನ ಕರೆ. ಶಾಂತಮ್ಮನವರು ಕೆಳಗಿನಿಂದ ತಲೆ ಎತ್ತಿ ನೋಡಿದರು. "ಮಧ್ಯೆ ಮತ್ತೊಂದು ಕರೆ ಬರುತ್ತಿದೆ" ಎಂದೆ. ಅಂದಿನಿಂದ ಮೊಬೈಲಿನ ಬಾಯಿ ಮುಚ್ಚಿಸಿಯೇ ಕಿವಿಗೆ ಇಡುತ್ತಿದ್ದೆ.

ನಿಜವಾದ ಕರೆಗಳೂ ಬರುತ್ತಿದ್ದವು. ಬರುತ್ತಿರಲಿಲ್ಲ ಎಂದರೆ ಅಕ್ಕನಿಗೆ ಅನ್ಯಾಯವಾಗುತ್ತದೆ. ವಾರಕ್ಕೆ ಎರಡು ಬಾರಿ ಭದ್ರಾವತಿಯಿಂದ ಅಕ್ಕ ಕರೆ ಮಾಡುತ್ತಿದ್ದಳು. "ಊಟ ಆಯ್ತಾ?" "ಆಯಿತು." "ಹುಷಾರಾಗಿದೀಯ?" "ಹುಷಾರಾಗಿದ್ದೇನೆ." "ಅಪ್ಪ ಚೆನ್ನಾಗಿದಾರೆ. ಇಡ್ಲಾ?" ಇಷ್ಟೇ. ಒಂದು ನಿಮಿಷಕ್ಕೆ ನರ ಕೆಡುವುದಿಲ್ಲ. ಆದ್ದರಿಂದ ವೈದ್ಯೆ ಯಾರ ಹತ್ತಿರ ಎಂದು ಕೇಳಿದಾಗ ನನಗೆ ತಿಳಿದಿದ್ದ ಒಂದೇ ಹೆಸರು ಬಾಯಿಗೆ ಬಂತು. "ಅಕ್ಕನ ಹತ್ತಿರ" ಎಂದೆ. "ಒಳ್ಳೇದು. ಸ್ಪೀಕರಿಗೆ ಹಾಕಿ ಕೆಳಗಿಟ್ಟು ಮಾತಾಡಿ. ಮೇಜಿಗೆ ಮೊಣಕೈ ಊರಬೇಡಿ. ಮಲಗುವಾಗ ಕೈ ಮಡಚದ ಹಾಗೆ ಮೊಣಕೈಗೆ ಒಂದು ಟವೆಲ್ ಸುತ್ಕೊಳ್ಳಿ. ಮಾತು ಬಿಡಬೇಡಿ, ಕೈ ಮಡಚೋದು ಬಿಡಿ" ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಮಲಗುವಾಗ ಸುತ್ತಿಕೊಳ್ಳಿ ಎಂದಿದ್ದರು. ನಾನು ಎಚ್ಚರಿಕೆಯ ಮನುಷ್ಯ. ಹೊಸ ಟವೆಲ್ಲು ಕೊಂಡು ಆಟೋದಲ್ಲಿಯೇ ಸುತ್ತಿಕೊಂಡೆ. ತಪ್ಪಾದದ್ದು ಅಲ್ಲಿಯೇ. ಶಾಂತಮ್ಮನವರು ವರಾಂಡದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಮಾರಾಯ್ರೆ ಇದು, ಕೈಗೆ ಟವೆಲ್ಲು?"

"ನರದ ಮೇಲೆ ಒತ್ತಡ ಉಂಟಾಗಿದೆಯಂತೆ ಅಮ್ಮ. ಫೋನು ಹಿಡಿದು ಬಹಳ ಹೊತ್ತು ಕೈ ಮಡಚಬಾರದಂತೆ."

"ಆಗ್ದೆ ಇರುತ್ತಾ? ನಾನು ನೋಡ್ತಾನೇ ಇದ್ದೆ, ದಿನಾ ಒಂದು ಗಂಟೆ. ಕೇಳಬಾರದು ಅಂತ ಸುಮ್ನಿದ್ದೆ. ಯಾರು ಹುಡುಗಿ?"

"ಹುಡುಗಿಯಲ್ಲ ಅಮ್ಮ. ನಮ್ಮ ಅಕ್ಕ."

ಅವರ ಮುಖದಲ್ಲಿ ಒಂದು ಮದುವೆಯೂಟ ತಪ್ಪಿಹೋದ ನಿರಾಸೆ ಕಾಣಿಸಿತು. ಅದು ಮರುಕ್ಷಣವೇ ಕೋಪವಾಯಿತು. "ಅಕ್ಕ ಆದವಳಿಗೆ ಬುದ್ಧಿ ಬೇಡ್ವಾ? ಕೆಲಸ ಮಾಡಿ ಬಂದ ಹುಡುಗನ್ನ ಒಂದು ಗಂಟೆ ನಿಲ್ಲಿಸ್ಕೊಳ್ಳೋದಾ? ತಡೀರಿ, ನಾನು ಹೇಳ್ತೀನಿ. ನಂಬರು ಇದೆ ನನ್ನ ಹತ್ರ. ಬಾಡಿಗೆ ಪತ್ರದಲ್ಲಿ ನೀವೇ ಬರ್ದಿದ್ರಲ್ಲ, ಅಗತ್ಯ ಬಿದ್ರೆ ಅಂತ." ಬೇಡ ಅಮ್ಮ ಎಂದೆ. ಅವರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಆಗಲೇ ಗುಂಡಿ ಒತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರು. ರಿಂಗು ಇಡೀ ವರಾಂಡಕ್ಕೆ ಕೇಳಿಸಿತು. ಆ ಕ್ಷಣದಲ್ಲಿ ನನ್ನ ಎರಡು ಬೆರಳು ಮಾತ್ರವಲ್ಲ, ನೆತ್ತಿಯಿಂದ ಪಾದದವರೆಗೆ ಇಡೀ ದೇಹವೇ ಜೋಮು ಹಿಡಿಯಿತು. ಒಂದೇ ಮಾತು ಸಾಕು. ಒಂದು ಗಂಟೆನಾ, ಯಾವಾಗ, ಎಂದು ಅಕ್ಕ ಕೇಳಿದರೆ ಮುಗಿಯಿತು. ತಾರಸಿಯ ಮೇಲೆ ನಾಲ್ಕು ತಿಂಗಳು ತನ್ನಷ್ಟಕ್ಕೆ ತಾನೇ ಮಾತನಾಡಿಕೊಂಡ ಮನುಷ್ಯನಿಗೆ ಯಾರು ಮನೆ ಬಾಡಿಗೆಗೆ ಕೊಡುತ್ತಾರೆ ಎಂಬುದು ನನ್ನ ಚಿಂತೆಯ ಸಣ್ಣ ಭಾಗ. ದೊಡ್ಡ ಭಾಗ, ಅಕ್ಕನಿಗೆ ತಿಳಿದುಹೋಗುತ್ತದೆ ಎಂಬುದು. ಓದಿ ದೊಡ್ಡವನಾದ ತಮ್ಮ ಪಟ್ಟಣದಲ್ಲಿ ಹತ್ತು ಜನರ ನಡುವೆ ಇದ್ದಾನೆ ಎಂದು ಅವಳು ತಿಳಿದಿದ್ದಳು.

"ಹಲೋ, ರತ್ನಮ್ಮನವರಾ? ನಾನು ಶಿವಮೊಗ್ಗದಿಂದ, ನಿಮ್ಮ ತಮ್ಮನ ಮನೆ ಓನರ್ರು."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ಮನೆಯಲ್ಲಿಯೇ ರವಿಕೆ ಹೊಲಿಯುತ್ತಾಳೆ. "ಅವನಿಗೇನಾಯ್ತಮ್ಮ?" ಎಂದಳು.

"ಗಾಬರಿ ಆಗ್ಬೇಡಿ, ಇಲ್ಲೇ ನಿಂತಿದಾರೆ. ಅಲ್ಲ ಮಾರಾಯ್ತಿ, ದಿನಾ ಒಂದೊಂದು ಗಂಟೆ ತಮ್ಮನ್ನ ಫೋನಲ್ಲಿ ಹಿಡಿದಿಟ್ಕೊಳ್ತೀರಲ್ಲ, ಅವರ ಕೈ ನರ ಕೆಟ್ಟುಹೋಗಿದೆ ನೋಡಿ. ಡಾಕ್ಟ್ರು ಟವೆಲ್ ಸುತ್ತಿ ಕಳ್ಸಿದಾರೆ."

ಬೀದಿಯಲ್ಲಿ ಒಂದು ಆಟೋ ಹೋಯಿತು. ಶಾಂತಮ್ಮನವರ ಮಡಿಲಿನಿಂದ ಒಂದು ಅವರೆಕಾಳು ಜಾರಿ ಮೆಟ್ಟಿಲ ಕೆಳಗೆ ಉರುಳಿತು. ನಾನು ಅದನ್ನೇ ನೋಡುತ್ತ ನಿಂತೆ.

"ಹೌದಮ್ಮ" ಎಂದಳು ಅಕ್ಕ. "ತಪ್ಪು ನಂದೇ. ಅವನು ಇಡ್ತೀನಿ ಇಡ್ತೀನಿ ಅಂತಾನೇ ಇರ್ತಾನೆ, ನಾನೇ ಬಿಡಲ್ಲ. ನಂದು ಸ್ವಲ್ಪ ಬಾಯಿ ಜಾಸ್ತಿ."

ಭಾನುವಾರ ನಾನು ಭದ್ರಾವತಿಗೆ ಹೋದೆ. ಬಸ್ಸಿನಲ್ಲಿ ಕುಳಿತು ಅಕ್ಕನಿಗೆ ಹೇಳಬೇಕಾದ ವಿವರಣೆಯ ಕರಡು ತಯಾರಿಸಿದೆ. ಊರು ಬರುವಷ್ಟರಲ್ಲಿ ಮೂರು ಬಾರಿ ತಿದ್ದಿದ್ದೆ. ಅಪ್ಪ ಈಗ ಅಕ್ಕ ಭಾವನ ಜೊತೆ ಅದೇ ಊರಿನ ಜನ್ನಾಪುರದಲ್ಲಿ ಇದ್ದಾರೆ. ನಾನು ಹೋದಾಗಲೆಲ್ಲ ಎಲ್ಲರೂ ನೆಲದ ಮೇಲೆ ಕುಳಿತಿದ್ದರೂ ನನಗೊಂದು ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಈ ಬಾರಿ ಕುರ್ಚಿ ಬರಲಿಲ್ಲ. "ಕೂರು" ಎಂದು ಅಕ್ಕ ಯಂತ್ರದ ಪಕ್ಕದ ನೆಲ ತೋರಿಸಿದಳು. ಅಪ್ಪ ನನ್ನ ಎಡಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕಿರುಬೆರಳನ್ನು ಅದುಮಿ ನೋಡಿದರು. ಅವರ ಬೆರಳಿಗೆ ನನ್ನ ಬೆರಳು ತಿಳಿಯಲಿಲ್ಲ; ನನ್ನ ಬೆರಳಿಗೆ ಅವರದು ತಿಳಿಯಲಿಲ್ಲ. "ನಂಗೇನೂ ಗೊತ್ತಾಗಲ್ಲ ಕಣಪ್ಪ. ರತ್ನಾ, ನೀ ಮುಟ್ಟಿ ನೋಡು" ಎಂದು ಹೇಳಿ ಅವರು ಬೀಡಿ ಹುಡುಕಿಕೊಂಡು ಹೊರಗೆ ಹೋದರು.

ಅಕ್ಕ ಮುಟ್ಟಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಹೇಳು. ದಿನಾ ಏನ್ ಮಾತಾಡ್ತಿದ್ವಿ ನಾವು?" ಎಂದಳು.

ನನ್ನ ಕರಡು ಮರೆತುಹೋಯಿತು. ಕಚೇರಿಯ ವಿಷಯ, ಉಪ್ಪಿಟ್ಟಿನ ವಿಷಯ ಎಂದು ಏನೋ ತೊದಲಿದೆ.

"ನಾನೇನಂತಿದ್ದೆ?"

"ನೀನು ಕೇಳುತ್ತಿದ್ದೆ."

ಅಕ್ಕ ನಕ್ಕಳು. ಬಹಳ ಹೊತ್ತು ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಧೈರ್ಯ ಮಾಡಿ, ನೀನಾದರೂ ಏಕೆ ಒಂದು ನಿಮಿಷಕ್ಕೆ ಫೋನು ಇಟ್ಟುಬಿಡುತ್ತೀಯೆ ಎಂದು ಕೇಳಿದೆ.

"ನೀನು ತಪ್ಪು ಹಿಡೀತೀಯ ಅಂತ" ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ. "ನೀ ಬಿಎ ಸೇರಿದ ವರ್ಷ, ಪಕ್ಕದ್ಮನೆ ಸೆಲ್ವಿ ಮದ್ವೆ ಕತೆ ಹೇಳ್ತಿದ್ದೆ. ದಿಬ್ಬಣ ಬೇರೆಯವ್ರ ಛತ್ರಕ್ಕೆ ಹೋಗಿ ಇಳೀತಲ್ಲ, ಅದು. ನಾಕ್ ಮಾತಿಗೊಂದ್ಸಲ ನಿಲ್ಸಿ, ಹಂಗಲ್ಲ ಅಕ್ಕ, ಹಿಂಗನ್ಬೇಕು ಅಂತ ತಿದ್ದಿದೆ. ಕತೆ ಮುಗೀಲೇ ಇಲ್ಲ. ಆಮೇಲಿಂದ ನಾನು ಫೋನ್ ಮಾಡೋಕೆ ಮುಂಚೆ ಒಂದ್ಸಲ ಮನಸ್ಸಲ್ಲೇ ಹೇಳ್ಕೊಂಡು ನೋಡ್ತೀನಿ ಕಣೋ. ಊಟ ಆಯ್ತಾ ಅನ್ನೋದ್ರಲ್ಲಿ ತಪ್ಪಿರಲ್ಲ. ಅದಕ್ಕೇ ಅದನ್ನೇ ಕೇಳ್ತೀನಿ."

ಆ ಘಟನೆ ನನಗೆ ನೆನಪಿಲ್ಲ ಎಂದೆ. "ನಂಗಿದೆ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ರವಿಕೆಯ ಅಳತೆ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಹದಿನೈದು ವರ್ಷ ಪತ್ರಗಳ ಕರಡು ತಿದ್ದಿದವನು ನಾನು. ಶಿವಮೊಗ್ಗದಿಂದ ಒಂದು ಬಸ್ಸಿನ ದೂರದಲ್ಲಿ ಇನ್ನೊಬ್ಬಳು ನನಗಾಗಿ ಬಾಯಲ್ಲಿಯೇ ಕರಡು ಮಾಡಿ, ತಿದ್ದಿ, ಕೊನೆಗೆ ಮೂರು ವಾಕ್ಯ ಉಳಿಸಿಕೊಂಡು ಕಳುಹಿಸುತ್ತಿದ್ದಳು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಬೆರಳು ಮರಗಟ್ಟಿದ್ದು ಎರಡು ತಿಂಗಳಿನಿಂದ. ನನ್ನಲ್ಲಿ ಉಳಿದದ್ದು ಯಾವಾಗಿನಿಂದ ಮರಗಟ್ಟಿತ್ತು ಎಂದು ಮನವಿಯಲ್ಲಿ ನಾನು ನಮೂದಿಸಿರಲಿಲ್ಲ. ಕ್ಷಮೆ ಕೇಳಬೇಕೆಂದು ಎದ್ದು ನಿಲ್ಲಲು ಹೋದೆ. ನಿಲ್ಲಲಾಗಲಿಲ್ಲ. ನೆಲದ ಮೇಲೆ ಕುಳಿತು ಎಷ್ಟೋ ವರ್ಷವಾಗಿತ್ತು. ಎರಡೂ ಕಾಲು ಸಂಪೂರ್ಣವಾಗಿ ಜೋಮು ಹಿಡಿದಿದ್ದವು.

"ಉಗುಳು ಹಚ್ಚು" ಎಂದಳು ಅಕ್ಕ, ತಲೆ ಎತ್ತದೆ.

ಪದವೀಧರನಾದ ನಾನು ಬಾಗಿಲ ಕಡೆ ಒಮ್ಮೆ ನೋಡಿ, ಹೆಬ್ಬೆರಳಿಗೆ ಹಚ್ಚಿಕೊಂಡೆ. ಒಂದು ನಿಮಿಷಕ್ಕೆ ಹೋಯಿತು. "ಸೆಲ್ವಿಯ ದಿಬ್ಬಣ ಆಮೇಲೆ ಏನಾಯಿತು?" ಎಂದು ಕೇಳಿದೆ. "ಈಗ ಹೇಳಲ್ಲ, ಬ್ಲೌಸ್ ಕೊಡೋದಿದೆ. ಫೋನಲ್ಲಿ ಹೇಳ್ತೀನಿ. ಒಂದ್ ಗಂಟೆ ಬೇಕು ಅದಕ್ಕೆ" ಎಂದಳು.

ಆಗಿನಿಂದ ದಿನವೂ ಸಂಜೆ ಏಳಕ್ಕೆ ಅಕ್ಕನ ಕರೆ ಬರುತ್ತದೆ. ವೈದ್ಯೆಯ ಆದೇಶದಂತೆ ಮೊಬೈಲನ್ನು ತಾರಸಿಯ ಕಟ್ಟೆಯ ಮೇಲೆ ಸ್ಪೀಕರಿಗೆ ಹಾಕಿ, ಸದ್ದು ಪೂರ್ತಿ ಏರಿಸಿ ಇಡುತ್ತೇನೆ. ಆದ್ದರಿಂದ ಕೆಳಗೆ ಶಾಂತಮ್ಮನವರಿಗೂ ಎಲ್ಲವೂ ಕೇಳಿಸುತ್ತದೆ. ಸೆಲ್ವಿಯ ದಿಬ್ಬಣದವರು ಬೇರೆಯವರ ಛತ್ರದಲ್ಲಿ ಊಟ ಮುಗಿಸಿಯೇ ಎದ್ದರು ಎಂದು ಅಕ್ಕ ಹೇಳಿದ ದಿನ, "ಮತ್ತೆ ಅಲ್ಲಿ ನಿಜವಾದ ಬೀಗರಿಗೆ ಊಟ ಸಾಲ್ತಾ ಮಾರಾಯ್ತಿ?" ಎಂದು ವರಾಂಡದಿಂದ ಪ್ರಶ್ನೆ ಬಂತು. ಅಕ್ಕ ಅದಕ್ಕೂ ಉತ್ತರ ಕೊಟ್ಟಳು. ಅವರಿಬ್ಬರ ನಡುವೆ ನನಗೆ ಹೂಂ ಎನ್ನಲು ಮಾತ್ರ ಅವಕಾಶ. ಆ ಕೆಲಸದಲ್ಲಿ ನನಗೆ ಸಾಕಷ್ಟು ಅನುಭವವಿದೆ. ಅಕ್ಕ ಎಲ್ಲಿಯಾದರೂ ನನ್ನ ಲೆಕ್ಕದಲ್ಲಿ ತಪ್ಪು ಎನ್ನುವಂಥದ್ದು ಆಡಿದರೆ ನಾಲಿಗೆಯ ತುದಿ ಈಗಲೂ ಜುಮ್ಮೆನ್ನುತ್ತದೆ. ಅದನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತೇನೆ.

ಕಳೆದ ತಿಂಗಳು ಮತ್ತೊಮ್ಮೆ ವೈದ್ಯೆಯ ಬಳಿ ಹೋಗಿದ್ದೆ. ಹತ್ತಿಯ ಎಳೆ ಪ್ರತಿ ಬೆರಳಿಗೂ ತಿಳಿಯಿತು. ರಕ್ತದ ವರದಿಯಲ್ಲಿಯೂ ದೋಷವಿಲ್ಲ. "ಪೂರ್ತಿ ವಾಸಿಯಾಗಿದೆ ಸರ್, ಇನ್ನು ಬರೋದು ಬೇಡ" ಎಂದು ಅವರು ನನ್ನ ಕಡತವನ್ನು ಮುಕ್ತಾಯಗೊಳಿಸಿದರು. ಆ ಸಂಜೆ ಅಕ್ಕ ಎಂದಿನಂತೆ, "ಬೆರಳು ಹೆಂಗಿದೆ ಈಗ?" ಎಂದು ಮಾತು ಆರಂಭಿಸಿದಳು. ಬೆರಳಿನ ನೆಪದಿಂದ ಆರಂಭವಾದ ಕರೆಗಳು ಬೆರಳು ವಾಸಿಯಾದ ಮೇಲೆ ಯಾವ ನಿಯಮದಡಿ ಮುಂದುವರಿಯುತ್ತವೆ ಎಂಬ ಬಗ್ಗೆ ನನಗೆ ಖಚಿತವಿರಲಿಲ್ಲ. "ಇನ್ನೂ ಸ್ವಲ್ಪ ಇದೆ" ಎಂದೆ. ಆ ಕಡೆ ಯಂತ್ರದ ಸದ್ದು ಒಂದು ಕ್ಷಣ ನಿಂತು ಮತ್ತೆ ಆರಂಭವಾಯಿತು. "ಹೂಂ, ಇರ್ಲಿ ಬಿಡು. ಅದು ಅಷ್ಟ್ ಬೇಗ ಹೋಗೋದಲ್ಲ" ಎಂದಳು ಅಕ್ಕ. ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಅದನ್ನು ಹೇಳುವ ಹೊತ್ತಿಗೆ ಮಾತ್ರ ಕಿರುಬೆರಳು ನಿಜವಾಗಿಯೂ ಒಂದಿಷ್ಟು ಜುಮ್ಮೆನ್ನುತ್ತದೆ. ಆದ್ದರಿಂದ ನಾನು ಹೇಳುತ್ತಿರುವುದು ಸುಳ್ಳೆಂದು ದಾಖಲಿಸಲು ಬರುವುದಿಲ್ಲ.